ಮಾವ ಬಿಚ್ಚಿಕೊಂಡು ಹೋದ ಸೀಟು

ನನ್ನ ಸೋದರಮಾವ ಹಸುವಿನ ಹಾಲು ಕರೆಯುವಾಗ ಕೂರುವುದು ನನ್ನ ಸೈಕಲ್ಲಿನ ಸೀಟಿನ ಮೇಲೆ ಅನ್ನುವುದು ನನಗೆ ತಿಳಿದದ್ದು ಅಮ್ಮನ ಬಾಯಿಂದ, ಅದೂ ಬಾಯಿತಪ್ಪಿ. ತಮಿಳುನಾಡಿನ ಮೇಚೇರಿ ಹತ್ತಿರದ ನಮ್ಮೂರಿನ ಮನೆಯ ಹಿತ್ತಲಲ್ಲಿ ಕೂತು ಇಬ್ಬರೂ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಅಮ್ಮ ತನ್ನ ತಮ್ಮನ ಮಂಡಿನೋವಿನ ಕಥೆ ತೆಗೆದಿದ್ದಳು.

"ಕುಕ್ಕರಗಾಲಲ್ಲಿ ಕೂರಾಕೇ ಆಗಲ್ಲ ಪಾಪ ಅವ್ನಿಗೆ. ಅದೇ ಆ ಸೈಕಲ್ ಸೀಟೈತಲ್ಲ, ಅದ್ನ ಒಂದು ಕೊರಡಿಗೆ ಸಿಗಾಕಿ ಮಣೆ ಮಾಡ್ಕಂಡವ್ನೆ. ಅದ್ರ ಮ್ಯಾಲೆ ಕೂತ್ಕಂಡು ಹಾಲು ಕರೀತಾನೆ."

"ಯಾವ ಸೈಕಲ್ ಸೀಟು?"

ಅಮ್ಮನ ಕೈ ನಿಂತಿತು. "ಯಾವ್ದೋ ಒಂದು," ಅಂದಳು. ಆಮೇಲೆ ಸಂಜೆಯವರೆಗೂ ಮಂಡಿನೋವಿನ ಸುದ್ದಿ ಎತ್ತಲಿಲ್ಲ.

ಯಾವುದೋ ಒಂದು ಅಲ್ಲ. ಅದು ಅಮ್ಮನಿಗೂ ಗೊತ್ತು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಮೇಚೇರಿ ಸಂತೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದವನು. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಓದಿದ್ದು ತಮಿಳು. ಈಗ ಬರೆಯುತ್ತಿರುವ ಈ ಅಕ್ಷರಗಳನ್ನು ಗಣಿತದಲ್ಲಿ ಡಿಗ್ರಿ ಮುಗಿಸಿ, ಧರ್ಮಪುರಿಯ ಒಂದು ಶಾಲೆಯಲ್ಲಿ ಟೀಚರ್ ಆದ ಮೇಲೆ ಒಬ್ಬಳೇ ಕೂತು ಕಲಿತೆ. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಕಷ್ಟಪಟ್ಟದ್ದು ನಾನು, ಹೇಳಿಕೊಳ್ಳುವವಳೂ ನಾನೇ.

ಹನ್ನೊಂದನೇ ಕ್ಲಾಸಿನಲ್ಲಿ ಎಲ್ಲ ಮಕ್ಕಳಿಗೂ ಸರ್ಕಾರ ಸೈಕಲ್ ಕೊಟ್ಟಿತು. ನನಗೆ ಬಂದದ್ದರ ಸೀಟು ಕಿರಿದು, ಅದೂ ಒಂದು ಕಡೆಗೆ ವಾಲಿಕೊಂಡಿತ್ತು. ಆ ವರ್ಷ ಪೊಂಗಲ್‌ಗೆ ಮಾವ ಸೀರು ತಂದ. ಸೀರು ಅಂದರೆ ಹಬ್ಬಕ್ಕೆ, ಶಾಸ್ತ್ರಕ್ಕೆ ಸೋದರಮಾವ ಅಕ್ಕನ ಮನೆಗೆ ತಟ್ಟೆಯಲ್ಲಿ ಹೊತ್ತು ತರುವ ಉಡುಗೊರೆ. ಸೀರೆ, ಬಳೆ, ತೆಂಗಿನಕಾಯಿ, ಬೆಲ್ಲ, ಇವು ಎಲ್ಲ ಮಾವಂದಿರೂ ತರುವಂಥವು. ನಮ್ಮ ಮಾವ ಹಿತ್ತಾಳೆ ತಟ್ಟೆಯ ನಡುವೆ ಒಂದು ಹೊಸ ಸೈಕಲ್ ಸೀಟು ಇಟ್ಟುಕೊಂಡು ಬಂದ. ಕೆಂಪು ರೆಕ್ಸಿನ್ನಿನದು, ಅಡಿಯಲ್ಲಿ ದಪ್ಪ ಸ್ಪ್ರಿಂಗು, ಪಕ್ಕದಲ್ಲಿ ವೀಳ್ಯದೆಲೆ, ಅರಿಶಿನದ ಕೊಂಬು. ಬೀದಿಯವರೆಲ್ಲ ಬಂದು ನೋಡಿ ನಕ್ಕರು. ಅವನ ಜೊತೆ ಬಂದಿದ್ದ ಅಜ್ಜಿ, ಅಂದರೆ ಅವನ ತಾಯಿ, ನಗದೆ ಸೀಟಿಗೆ ಕುಂಕುಮ ಇಟ್ಟು ಶಾಸ್ತ್ರವಾಗಿ ಹೇಳಿದಳು: "ತಟ್ಟೆ ಇಳೀತು ಅಂದ್ರೆ ಸೀರು ಹೆಣ್ಮಗಳದು. ಮಾವ ಸತ್ರೂ ಅವಳ್ದೇ."

ಆ ಸೀಟಿನ ಮೇಲೆ ಕೂತು ನಾನು ಹನ್ನೆರಡನೇ ಕ್ಲಾಸು ಮುಗಿಸಿದೆ. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಸೀಟು.

ಪರೀಕ್ಷೆಯ ಫಲಿತಾಂಶ ಬಂದ ವಾರವೇ ಮಾವನ ಕಡೆಯಿಂದ ಮಾತು ಬಂತು. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ಅವನು ಬೇಡ ಅಂದ ಮೇಲೆಯೇ ಹುಡುಗಿ ಹೊರಗಿನವರಿಗೆ. ಮಾವ ಬೇಕು ಅಂದ. ನಾನು ಬೇಡ ಅಂದೆ. ಜಗಲಿಯ ಮೇಲೆ, ಎಲ್ಲರ ಎದುರು, ತಲೆ ಎತ್ತಿ ಅಂದೆ. ಓದುತ್ತೇನೆ, ಮೇಟೂರಿನ ಕಾಲೇಜಿಗೆ ಸೇರುತ್ತೇನೆ ಅಂದೆ. ಅವನು ಎದ್ದು ಹೋದ.

ಅವನು ಮತ್ತೆ ಬಂದದ್ದು ಅರ್ಜಿ ಕೊಡಲು ಕೊನೆಯ ದಿನ, ಬೆಳಿಗ್ಗೆ. ನಾನು ಜಡೆ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಸ್ಪ್ಯಾನರ್ ಹಿಡಿದು ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಆಗ ಮಂಡಿ ಚೆನ್ನಾಗಿಯೇ ಇತ್ತು. ಸೀಟು ಹೊರುವ ಕಂಬಿ ಬಿಟ್ಟು ಸೀಟು ಮಾತ್ರ ಬಿಚ್ಚಿ, ಕಂಕುಳಲ್ಲಿ ಇಟ್ಟುಕೊಂಡ.

"ಸೈಕಲ್ ಸರ್ಕಾರದ್ದು, ನಾನ್ ಮುಟ್ಟಲ್ಲ," ಅಂದ ಅಪ್ಪನಿಗೆ. "ಸೀಟು ನಂದು. ನಿಂತ್ಕಂಡೇ ಓಗ್ಲಿ ಕಾಲೇಜಿಗೆ. ಎಷ್ಟ್ ದೂರ ಓಗ್ತಾಳೋ ನೋಡಾಣ. ಕೂರಾಕೆ ಕೊನೆಗೆ ನಮ್ಮನೆಗೇ ಬರ್ಬೇಕು."

ಅಪ್ಪ ಕುರಿಗಳ ಕಡೆ ತಿರುಗಿಕೊಂಡ. ಹೆಂಡತಿಯ ತಮ್ಮನಿಗೆ ಎದುರಾಡಿದರೆ ನಾಳೆ ಮನೆಯ ಶಾಸ್ತ್ರಕ್ಕೆ ಮಾವ ಇಲ್ಲದ ಹಾಗಾಗುತ್ತದೆ ಅನ್ನುವ ಭಯ ಅವನಿಗೆ. ಅಮ್ಮ ಒಲೆಯ ಮುಂದಿಂದ ಏಳಲಿಲ್ಲ. ಹಳೆಯ ಸೀಟು ಹುಡುಕಿದೆ. ಎಂದೋ ಗುಜರಿಗೆ ಹೋಗಿತ್ತು. ಬಸ್ಸೂ ಹೋಗಿತ್ತು.

ಬೋಳು ಕಂಬಿಗೆ ಟವೆಲ್ ಸುತ್ತಿ, ಮೇಟೂರಿನವರೆಗೂ ನಿಂತುಕೊಂಡೇ ತುಳಿದೆ. ನಿಂತು ತುಳಿದು ನೋಡಿದವರಿಗೆ ಗೊತ್ತು, ಮೊದಲು ತೊಡೆ ಉರಿಯುತ್ತದೆ, ಆಮೇಲೆ ಅಂಗೈ, ಆಮೇಲೆ ಸೊಂಟ. ಮರೆತು ಒಂದು ಸಲ ಕೂತರೆ ಕಂಬಿ ನೆನಪು ಮಾಡುತ್ತದೆ. ಸಂತೆಗೆ ಹೊರಟವರು ಟೆಂಪೋದಿಂದ ಬಗ್ಗಿ ನೋಡಿ ಕೂಗಿದರು. ಕಾಲೇಜಿನಲ್ಲಿ ಅರ್ಜಿ ತೆಗೆದುಕೊಂಡವರು ಕುರ್ಚಿ ತೋರಿಸಿ ಕೂತ್ಕೋಮ್ಮ ಅಂದರು. ಕೂತರೆ ಮತ್ತೆ ಏಳಲಾರೆ ಅಂತ ಗೊತ್ತಿತ್ತು. ಪರವಾಗಿಲ್ಲ ಸಾರ್ ಅಂದು ನಿಂತೇ ಸಹಿ ಹಾಕಿದೆ.

ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಡಿಗ್ರಿ ಬಂತು, ಕೆಲಸ ಬಂತು, ಮಾವನಿಗೆ ಬೇರೆ ಕಡೆಯಿಂದ ಹೆಣ್ಣೂ ಬಂತು. ಮದುವೆಗೆ ನಾನು ಹೋಗಲಿಲ್ಲ. ಕೊಳತ್ತೂರಿನ ಆಚೆ, ಪಾಲಮಲೆಯ ಬುಡದಲ್ಲಿರುವ ಅವನ ಮನೆಯ ಹೊಸಲನ್ನು ತುಳಿದೇ ಇರಲಿಲ್ಲ. ಕಾಲ ಎಲ್ಲವನ್ನೂ ಮರೆಸುತ್ತದೆ ಅನ್ನುತ್ತಾರೆ. ನನಗೆ ಮರೆಸಲಿಲ್ಲ, ನಾನೂ ಬಿಡಲಿಲ್ಲ. ಈಗ ಅಮ್ಮ ಬಾಯಿತಪ್ಪಿ ಹೇಳಿದ ಮೇಲೆ ದಾರಿ ನೇರವಾಗಿ ಕಾಣಿಸಿತು: ಹೋಗಬೇಕು, ಅವನನ್ನು ಎಬ್ಬಿಸಬೇಕು, ನನ್ನ ಸೀಟು ತರಬೇಕು. ಬಸ್ಸಿನಲ್ಲಿ ಹೋಗಿ ತಂದರೆ ಅದು ಸಾಮಾನು ತಂದ ಹಾಗೆ. ಸೈಕಲ್ಲಿನಲ್ಲೇ ಹೋಗಬೇಕು. ಧರ್ಮಪುರಿಯಿಂದ ತೊಪ್ಪೂರು, ಮೇಚೇರಿ, ಮೇಟೂರು, ಕೊಳತ್ತೂರು, ಬೆಳಗಿನಿಂದ ಸಂಜೆಯವರೆಗಿನ ದಾರಿ. ಅಷ್ಟೂ ಕೂತುಕೊಂಡೇ ಹೋಗಿ, ಅವನ ಬಾಗಿಲಲ್ಲಿ ಕುಂಟದೆ, ನರಳದೆ ಇಳಿಯಬೇಕು. ಇಳಿಯುವಾಗ ಸೊಂಟಕ್ಕೆ ಕೈ ಹೋದರೆ ಗೆದ್ದವನು ಅವನೇ.

ಹಾಗಾಗಿ ನನಗೆ ಬೇಕಾಗಿದ್ದದ್ದು ಸುಖವಾದ ಸೈಕಲ್. ನಾನು ಸುಖವನ್ನು ಹುಡುಕಿದ್ದು ಸೇಡಿಗೋಸ್ಕರ.

ಸೇಲಂನ ಒಂದು ದೊಡ್ಡ ಅಂಗಡಿಗೆ ಹೋದೆ. ಮಾರುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವೆಯಿಟ್ ಕೊರೈಕ್ಕವಾ ಮೇಡಂ?" ಅಂದ. ತೂಕ ಇಳಿಸುವುದಕ್ಕಾ ಅಂತ.

"ಇಲ್ಲ. ಒಬ್ಬರ ಮನೆಗೆ ಹೋಗಬೇಕು," ಅಂದೆ ತಮಿಳಿನಲ್ಲೇ.

"ಹತ್ತಿರಾನಾ?"

"ಧರ್ಮಪುರಿಯಿಂದ ಪಾಲಮಲೆ."

"ಅದಕ್ಕೆ ಬಸ್ ಇದೆಯಲ್ಲ ಮೇಡಂ?"

"ಬಸ್ ಇರೋದು ನನಗೂ ಗೊತ್ತು ತಂಬಿ. ಸೈಕಲ್ ತೋರಿಸು."

ಮೊದಲು ಮುಂದೆ ಬುಟ್ಟಿ ಇರುವ ಗುಲಾಬಿ ಬಣ್ಣದ್ದನ್ನು ತೋರಿಸಿದ. ತರಕಾರಿ ತರಲು ಅದು ಸಾಕು. ಆಮೇಲೆ ಕಡ್ಡಿಯಂಥ ಟೈರಿನ ರೇಸ್ ಸೈಕಲ್ ತೋರಿಸಿದ. ಹಗುರವೇನೋ ಹೌದು, ಬೆರಳಲ್ಲಿ ಎತ್ತಬಹುದು. ಆದರೆ ಹತ್ತಿ ಕೂತರೆ ಹ್ಯಾಂಡಲ್ ಸೀಟಿಗಿಂತ ಬಹಳ ಕೆಳಗೆ. ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ ಹೋಗಬೇಕು. ಮಾವನ ಬಾಗಿಲಿಗೆ ತಲೆ ತಗ್ಗಿಸಿಕೊಂಡು ಹೋಗುವ ಸೈಕಲ್ ನನಗೆ ಯಾಕೆ? ಬೇಡ ಅಂದೆ.

ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು, ದೂರದ ದಾರಿಗೆಂದೇ ಮಾಡಿದ ಒಂದು ಟೂರಿಂಗ್ ಸೈಕಲ್. ಉಕ್ಕಿನ ಚೌಕಟ್ಟು, ಕರಿ ಹಸಿರು ಬಣ್ಣ. ಅದನ್ನು ಯಾರೂ ಕೇಳುವುದಿಲ್ಲ, ಭಾರ, ಅಂದ ಅವನು. ನನಗೆ ಅದು ದೋಷವಾಗಿ ಕಾಣಲಿಲ್ಲ. ಹತ್ತಿ ಕೂತೆ. ಹ್ಯಾಂಡಲ್ ಹೆಚ್ಚೂಕಡಿಮೆ ಸೀಟಿನ ಎತ್ತರಕ್ಕೇ ಇತ್ತು, ಮೊಣಕೈ ತುಸು ಮಡಿಸಿದರೆ ಸಿಗುವಷ್ಟು ಹತ್ತಿರ. ಅಂಗೈ ಸೋತರೆ ಹಿಡಿತ ಬದಲಾಯಿಸಲು ಅದರಲ್ಲಿ ಜಾಗಗಳಿದ್ದವು. ಟೈರು ತೀರಾ ದಪ್ಪವಲ್ಲ, ಕಡ್ಡಿಯೂ ಅಲ್ಲ. ಕೊಳತ್ತೂರಿನ ಆಚೆಯ ಕಲ್ಲುರಸ್ತೆಗೆ ತಡೆಯುತ್ತದೆ. ಏರಿನಲ್ಲಿ ನಿಲ್ಲದೆ, ಕೂತೇ ತುಳಿಯುವಷ್ಟು ಸಣ್ಣ ಗೇರು ಇತ್ತು. ಹಿಂದೆ ಗಟ್ಟಿಯಾದ ಕ್ಯಾರಿಯರ್. ಕ್ಯಾರಿಯರ್ ಅಲುಗಿಸಿ ನೋಡಿದೆ. ಬರುವಾಗ ಅದರ ಮೇಲೆ ಏನು ಬರುತ್ತದೆ ಅಂತ ನನಗೆ ಗೊತ್ತಿತ್ತು.

ಇಷ್ಟೆಲ್ಲ ಸರಿಯಾಗಿ ಆರಿಸಿದವಳು ಸೀಟಿನಲ್ಲೇ ಎಡವಿದೆ. ಸೈಕಲ್ ಜೊತೆ ಬಂದದ್ದು ಗಟ್ಟಿ ಸೀಟು. ಒತ್ತಿ ನೋಡಿದರೆ ಬೆರಳೇ ಇಳಿಯದು. ಇದು ಬೇಡ, ಅಂಗಡಿಯಲ್ಲಿರುವುದರಲ್ಲೇ ಮೆತ್ತಗಿನದು ಕೊಡು ಅಂದೆ. ತಲೆದಿಂಬಿನಂತೆ ಉಬ್ಬಿದ ಜೆಲ್ ಸೀಟು ಹಾಕಿಕೊಟ್ಟ. ಅದರ ಮೇಲೆ ಕೂತಾಗ ಮದುಮಗಳ ಹಾಗೆ ಅನ್ನಿಸಿತು. ಮೆತ್ತಗಿರುವುದೆಲ್ಲ ಸುಖ ಅಂತ ನಂಬುವುದು ಚಾಪೆಯ ಮೇಲೆ ಮಲಗಿ ಬೆಳೆದವರ ತಪ್ಪು. ನಮ್ಮ ಜನ ಕೈಯಲ್ಲಿ ನಾಲ್ಕು ಕಾಸು ಆದ ತಕ್ಷಣ ಮೊದಲು ಕೊಳ್ಳುವುದು ಕಾಲು ಹೂತುಹೋಗುವ ಸೋಫಾ. ಆಮೇಲೆ ಅದರ ಮುಂದೆ ನೆಲದ ಮೇಲೆ ಕೂತು ಟಿ.ವಿ. ನೋಡುತ್ತೇವೆ.

ಮುಂದಿನ ಭಾನುವಾರ ಸೈಕಲ್ ಪರೀಕ್ಷಿಸಲೆಂದು ತೊಪ್ಪೂರಿನವರೆಗೆ ಹೋದೆ. ಹೋಗುವಾಗ ಇಳಿಜಾರು, ಹಾಡಿಕೊಂಡು ಹೋದೆ. ಬರುವಾಗ ಗೊತ್ತಾಯಿತು. ಮೆತ್ತಗಿನ ಸೀಟಿನಲ್ಲಿ ಮೂಳೆ ಹೂತುಹೋಗಿ, ಒತ್ತಬಾರದ ಕಡೆಯೆಲ್ಲ ಅದು ಒತ್ತುತ್ತದೆ. ತೊಡೆಸಂದು ಸುಲಿಯಿತು, ಆಮೇಲೆ ಜೋಮು ಹಿಡಿಯಿತು. ಘಾಟಿಯ ಏರಿನಲ್ಲಿ, ಲಾರಿಗಳು ಏದುಸಿರು ಬಿಡುವ ಆ ತಿರುವಿನಲ್ಲಿ, ತಡೆಯಲಾಗದೆ ಪೆಡಲ್ ಮೇಲೆ ಎದ್ದು ನಿಂತೆ.

ನಿಂತೆ. ಅಷ್ಟೆಲ್ಲ ಓದಿ, ಸ್ವಂತ ದುಡ್ಡಿನಲ್ಲಿ ಕೊಂಡ ಸೈಕಲ್ ಮೇಲೆ, ಮತ್ತೆ ನಿಂತೆ. ಕಿವಿಯಲ್ಲಿ ಮಾವನ ಮಾತು ಹಾಗೇ ಕೇಳಿಸಿತು: ಎಷ್ಟ್ ದೂರ ಓಗ್ತಾಳೋ ನೋಡಾಣ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅಳು ಅಲ್ಲ, ಸಿಟ್ಟೇ.

ಗಣಿತದವಳು ನಾನು. ಮನೆಗೆ ಬಂದು ಸಿಟ್ಟನ್ನು ಲೆಕ್ಕಕ್ಕೆ ಕೂರಿಸಿದೆ. ಕೂರುವಾಗ ಭಾರ ಹೊರುವುದು ಹಿಂಭಾಗದ ಎರಡು ಮೂಳೆ. ಸೀಟು ಆ ಎರಡಕ್ಕೆ ಆಸರೆ ಕೊಟ್ಟರೆ ಸಾಕು, ಉಳಿದದ್ದನ್ನು ಮುಟ್ಟಬಾರದು. ಹಾಗಾದರೆ ಮೂಳೆಗಳ ನಡುವಿನ ಅಂತರ ಗೊತ್ತಾಗಬೇಕು. ಮಾವಿನಹಣ್ಣು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಹರಿದು ಮೆಟ್ಟಿಲ ಮೇಲೆ ಹಾಸಿ, ಅದರ ಮೇಲೆ ಮಂಡಿ ಎತ್ತಿ ಒತ್ತಿ ಕೂತೆ. ಎದ್ದು ನೋಡಿದರೆ ರಟ್ಟಿನಲ್ಲಿ ಎರಡು ತಗ್ಗು. ಸ್ಕೇಲಿಟ್ಟು ಅಳೆದೆ. ಎದುರು ಮನೆಯಾಕೆ ಕಾಂಪೌಂಡಿನಿಂದ ಬಗ್ಗಿ, "ಎನ್ನ ಟೀಚರ್, ಮೊಟ್ಟೆ ಇಡ್ತಿದ್ದೀರಾ?" ಅಂದಳು. ಹೌದು, ಮರಿ ಆದ ಮೇಲೆ ಕರೀತೀನಿ ಅಂದೆ.

ಆ ರಟ್ಟನ್ನೇ ಸೇಲಂಗೆ ತೆಗೆದುಕೊಂಡು ಹೋಗಿ, ಅಂಗಡಿಯ ಸೀಟುಗಳ ಮೇಲೆಲ್ಲ ಇಟ್ಟು ನೋಡಿದೆ. ಮಾರುವವನು ತಲೆ ಚಚ್ಚಿಕೊಂಡ. ಕೊನೆಗೆ ತಗ್ಗುಗಳಿಗೆ ಸರಿಹೊಂದಿದ್ದು ಹಿಂದೆ ಅಗಲವಾದ, ಮುಂದೆ ಕಿರಿದಾದ, ನಡುವೆ ಕಾಲುವೆಯಂತೆ ಬಿಟ್ಟಿರುವ ಗಟ್ಟಿ ಸೀಟು. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವ ಎತ್ತರಕ್ಕೆ ಅದನ್ನು ಏರಿಸಿಕೊಂಡೆ. ಮತ್ತೆ ತೊಪ್ಪೂರು ಘಾಟಿ ಇಳಿದು ಹತ್ತಿದೆ. ಆ ತಿರುವು ಬಂತು, ಲಾರಿ ಬಂತು, ಏರು ಬಂತು. ಸಣ್ಣ ಗೇರಿಗೆ ಹಾಕಿ ಕೂತೇ ಹತ್ತಿದೆ. ಮನೆಗೆ ಬಂದು, ಪೆಟ್ಟಿಗೆಯಲ್ಲಿದ್ದ ಅಪ್ಪನ ಕಾಲದ ಸ್ಪ್ಯಾನರ್ ತೆಗೆದು ತುಕ್ಕು ಒರೆಸಿ ಚೀಲಕ್ಕೆ ಹಾಕಿದೆ.

ಹೊರಟ ದಿನ ಇನ್ನೂ ಮಬ್ಬುಬೆಳಕು. ತೊಪ್ಪೂರಿನಲ್ಲಿ ಇಡ್ಲಿ, ಮೇಚೇರಿ ದಾಟಿದ ಮೇಲೆ ಕಬ್ಬಿನ ಹಾಲು. ಅಮ್ಮನ ಮನೆಯ ಕಡೆಗೆ ತಿರುಗಲಿಲ್ಲ. ಹೇಳಿದರೆ ತಡೆಯುತ್ತಾಳೆ. ನಿಂತುಕೊಂಡು ಹೋಗಿದ್ದ ಆ ಮೇಟೂರಿನ ದಾರಿಯಲ್ಲೇ ಹೋದೆ. ಆವತ್ತು ಕಾಣದ ಎಷ್ಟೋ ಸಂಗತಿ ಕಂಡವು. ಎರಡೂ ಕಡೆ ಹುಣಸೆಮರ ಇತ್ತು ಅನ್ನುವುದೇ ನನಗೆ ನೆನಪಿರಲಿಲ್ಲ. ಆವತ್ತು ನಾನು ನೋಡಿದ್ದು ಮುಂದಿನ ಚಕ್ರ ಒಂದನ್ನೇ. ಮೇಟೂರಿನಲ್ಲಿ ಮರದ ನೆರಳಿಗೆ ಊಟ ಮಾಡಿ ಬಿಸಿಲು ಇಳಿಯುವವರೆಗೆ ಇದ್ದು, ಕೊಳತ್ತೂರಿನ ದಾರಿ ಹಿಡಿದೆ. ಎದುರಿಗೆ ಪಾಲಮಲೆ ದೊಡ್ಡದಾಗುತ್ತಾ ಬಂತು. ನನ್ನ ಸೊಂಟ ಸುಮ್ಮನಿತ್ತು.

ಹಾಲು ಕರೆಯುವ ಹೊತ್ತಿಗೇ ಸರಿಯಾಗಿ ತಲುಪಿದೆ. ಜಗಲಿಯ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದಳು. ಅಂಗಳದ ಮೂಲೆಯಲ್ಲಿ ಹಸು. ಅದರ ಪಕ್ಕ ಮಾವ, ಮಂಡಿಗಳ ನಡುವೆ ಬಕೆಟ್ಟು. ಅವನ ಕೆಳಗೆ ಹುಣಸೆ ಕೊರಡು, ಅದರಲ್ಲಿ ನೆಟ್ಟ ತುಂಡು ಪೈಪು, ಪೈಪಿನ ಮೇಲೆ ಕೆಂಪು ರೆಕ್ಸಿನ್.

"ಯಾರಮ್ಮಿ ಅದು, ಟೋಪಿ ಗೀಪಿ ಆಕ್ಕಂಡು?" ಅಂದ ಕಣ್ಣು ಕಿರಿದು ಮಾಡಿ.

"ನಾನೇ ಮಾವ." ಇಳಿದೆ. ಕೈ ಸೊಂಟಕ್ಕೆ ಹೋಗಲಿಲ್ಲ.

"ಅಯ್ಯೋ, ನಮ್ಮಕ್ಕನ ಮಗಳು! ಟೀಚರಮ್ಮ! ದಾರಿ ತಪ್ಪಿ ಬಂದ್ಯಾ? ಬಸ್ ಸಿಕ್ಲಿಲ್ವಾ?"

"ಧರ್ಮಪುರಿಯಿಂದ ಸೈಕಲ್ಲಲ್ಲೇ ಬಂದೆ."

ಅತ್ತೆ, ಅವನ ಹೆಂಡತಿ, ಒಳಗಿನಿಂದ ಚಾಪೆ ತಂದು ಹಾಸಿದಳು. "ಕೂತ್ಕಮ್ಮ, ಕಾಲು ಬಿದ್ದೋಗಿರ್ತವೆ."

"ಬ್ಯಾಡತ್ತೆ. ದಾರಿ ಪೂರಾ ಕೂತ್ಕಂಡೇ ಬಂದಿವ್ನಿ." ಆಮೇಲೆ ಮಾವನ ಕಡೆ ತಿರುಗಿದೆ. "ನೀನು ಎದ್ದೇಳು ಮಾವ. ನನ್ ಸೀಟು ಬೇಕು."

"ಯಾವ ಸೀಟು?"

ಅವನ ಮುಖವನ್ನೇ ನೋಡಿದೆ. ನಾಟಕ ಅಲ್ಲ. ಮರೆತೇಬಿಟ್ಟಿದ್ದ. ನಾನು ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಅವನು ದಿನಾ ಎರಡು ಹೊತ್ತು ಕೆಳಗೆ ಹಾಕಿಕೊಂಡು ಕೂತು ಮರೆತಿದ್ದ. ಅವನು ನೆನಪಿಟ್ಟುಕೊಂಡು ನಕ್ಕಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತೋ ಏನೋ. ಮರೆತಿದ್ದಕ್ಕೆ ಇಮ್ಮಡಿ ಆಯಿತು. ಮರೆತವರಿಗೆ ನೆನಪು ಮಾಡಿಕೊಡುವುದು ನನ್ನ ದಿನದ ಕೆಲಸ. ನಿಧಾನವಾಗಿ, ಬೋರ್ಡಿನ ಮುಂದೆ ನಿಂತ ಹಾಗೆ, ಎಲ್ಲ ಹೇಳಿದೆ. ಪೊಂಗಲ್ ಸೀರು, ಸ್ಪ್ಯಾನರ್, ಅವನಾಡಿದ ಮಾತು, ಮೇಟೂರಿನವರೆಗೆ ನಿಂತು ತುಳಿದದ್ದು.

ಜಗಲಿಯಿಂದ ಅಜ್ಜಿಯ ದನಿ ಬಂತು. "ಏನ್ಲಾ? ಸೀರು ಕಿತ್ಕಂಡು ಬಂದಿದ್ದಾ ನೀನು? ಅವ್ಳೇ ಬ್ಯಾಡ ಅಂತ ಕೊಟ್ಳು ಅಂದೆಯಲ್ಲೋ ನಂಗೆ?"

"ಬಿಡವ್ವ, ಹಳೇ ಕಥೆ."

"ಥೂ! ಕುಂಕುಮ ಇಟ್ಟೋಳು ನಾನು. ಕೊಟ್ಟ ಸೀರು ಕಿತ್ಕಳ್ಳಾನು ಮಾವನೇನ್ಲಾ? ಕುರಿ ಕಳ್ಳ! ಎದ್ದೇಳು ಮೇಲೆ!"

ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತಾಗಿತ್ತು. ನಮ್ಮಲ್ಲಿ ಮಾವನಾದವನು ಏನನ್ನಾದರೂ ದಕ್ಕಿಸಿಕೊಂಡಾನು, ಸೀರು ವಾಪಸ್ ತಂದವನು ಅನ್ನಿಸಿಕೊಂಡರೆ ಯಾರ ಮನೆಯ ಶಾಸ್ತ್ರಕ್ಕೂ ತಟ್ಟೆ ಹಿಡಿಯಲಾರ. ಹೊಸದು ಕೊಡಿಸ್ತೀನಿ ಬಿಡಮ್ಮಿ ಅಂದ. ಅದೇ ಬೇಕು ಅಂದೆ. ಹಸುವಿನ ಬೆನ್ನು ಹಿಡಿದುಕೊಂಡು, ಮಂಡಿ ಕಟಕಟ ಅನ್ನಿಸುತ್ತಾ, ಎದ್ದು ನಿಂತ.

ನಾನು ಸ್ಪ್ಯಾನರ್ ತೆಗೆದೆ. ನಟ್ಟು ತುಕ್ಕು ಹಿಡಿದು ಜಗ್ಗಲಿಲ್ಲ. ಅತ್ತೆ ಅಡಿಗೆಮನೆಯಿಂದ ಎಣ್ಣೆ ತಂದು ತಾನೇ ಬಿಟ್ಟಳು. "ಅವತ್ತು ನೀನು ಬ್ಯಾಡ ಅಂದಿದ್ದಕ್ಕೇ ತಾನೇ ನಾನು ಈ ಕೊಟ್ಟಿಗೆಗೆ ಬಂದಿದ್ದು," ಅಂದಳು ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ. ಬಯ್ದಳೋ ನಕ್ಕಳೋ ತಿಳಿಯಲಿಲ್ಲ. ನಾನು ಸ್ಪ್ಯಾನರ್ ಮತ್ತೆ ತಿರುಗಿಸಿದೆ. ನಟ್ಟು ಸಡಿಲವಾಯಿತು. ಕೊರಡನ್ನೂ ಪೈಪನ್ನೂ ಮುಟ್ಟಲಿಲ್ಲ, ಅವು ಅವನವು. ಸೀಟು ಮಾತ್ರ ಬಿಚ್ಚಿಕೊಂಡೆ. ಬೋಳು ಕಂಬಿ ಹಾಗೇ ನೆಟ್ಟಗೆ ನಿಂತಿತ್ತು.

ಮಾವ ಅದನ್ನೂ ನೋಡಿದ, ಅರ್ಧ ತುಂಬಿದ ಬಕೆಟ್ಟನ್ನೂ ನೋಡಿದ. "ಮಂಡಿ ನೋವು ಕಣಮ್ಮಿ. ನಾನ್ ಎಂಗೆ ಕರೀಲಿ ಈಗ?"

"ನಿಂತ್ಕಂಡು ಕರಿ ಮಾವ," ಅಂದೆ. "ಎಷ್ಟ್ ಕರೀತೀಯೋ ನೋಡಾಣ."

ಸೀಟನ್ನು ಕ್ಯಾರಿಯರಿಗೆ ಬಿಗಿದು ಹೊರಟೆ. ಸ್ಪ್ರಿಂಗು ಸಡಿಲವಾಗಿ ಕಿರುಗುಟ್ಟುತ್ತಿತ್ತು, ರೆಕ್ಸಿನ್ ಹರಿದು ಸಗಣಿಯ ವಾಸನೆ. ಹೊತ್ತು ಮುಳುಗಿದ ಮೇಲೂ ದೀಪ ಹಾಕಿಕೊಂಡು ತುಳಿದೆ. ಮೇಚೇರಿಯ ಏರುಗಳಲ್ಲೂ ಎದ್ದು ನಿಲ್ಲಲಿಲ್ಲ. ಅಯ್ಯೋ ಪಾಪ ಅನ್ನಿಸಲಿಲ್ಲವೇ ಅಂತ ಆಮೇಲೆ ಕೆಲವರು ಕೇಳಿದರು. ಅನ್ನಿಸಲಿಲ್ಲ.

ಈ ಸಲ ಅಮ್ಮನ ಮನೆಯ ಕಡೆಗೇ ತಿರುಗಿದೆ. ಅಮ್ಮ ಬಾಗಿಲು ತೆರೆದು, ಮೊದಲು ಸೈಕಲ್ ನೋಡಿ, ಆಮೇಲೆ ಕ್ಯಾರಿಯರ್ ನೋಡಿದಳು. ನಾನು ಬೈಗುಳಕ್ಕೆ ಸಿದ್ಧಳಾಗಿಯೇ ಒಳಗೆ ಹೋಗಿ ಕೈಕಾಲು ತೊಳೆದುಕೊಂಡು ತಟ್ಟೆಯ ಮುಂದೆ ಕೂತೆ. ಅವಳು ಮುದ್ದೆ ಇಟ್ಟು, ಸಾರು ಬಿಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಎದ್ದು ನಿಂತ್ನಾ?"

"ನಿಂತ."

ಅವಳು ಒಲೆಯ ಕಡೆಯಿಂದ ತಿರುಗಿದಳು. ಕೇಳದಿದ್ದರೂ ಇನ್ನೊಂದು ಮುದ್ದೆ ತಂದು ಇಟ್ಟಳು.